ಅವರ ರಜೆ, ನಮ್ಮ ರಜೆ

ಬೆಂಗಳೂರಿನ ಶಾಲೆಗಳಿಗೆ ಬೇಸಿಗೆ ರಜೆ ಏಪ್ರಿಲ್‌ನಲ್ಲಿ ಶುರುವಾಗಿ ಮೇ ಕೊನೆಗೆ ಮುಗಿಯುತ್ತದೆ. ಇಂಗ್ಲೆಂಡಿನ ಶಾಲೆಗಳಿಗೆ ಬೇಸಿಗೆ ರಜೆ ಸಿಗುವುದೇ ಜುಲೈ ಕೊನೆಯಲ್ಲಿ, ಅದೂ ಆರು ವಾರ ಮಾತ್ರ. ಯಲಹಂಕ ನ್ಯೂಟೌನ್‌ನಲ್ಲಿರುವ ನನ್ನ ಮಕ್ಕಳು ಮಾವಿನಹಣ್ಣು ತಿಂದುಕೊಂಡು ಬೀದಿ ಸುತ್ತುವಾಗ, ಲಂಡನ್ನಿನ ಹ್ಯಾರೋದಲ್ಲಿರುವ ನನ್ನ ತಂಗಿಯ ಮಕ್ಕಳು ಯೂನಿಫಾರಂ ಹಾಕಿಕೊಂಡು ಸ್ಕೂಲಿಗೆ ಹೊರಟಿರುತ್ತಾರೆ. ಆಗಸ್ಟ್‌ನಲ್ಲಿ ಅವರು ಇಲ್ಲಿಗೆ ಬಂದಿಳಿದರೆ ಆ ಹೊತ್ತಿಗೆ ಇವರಿಗೆ ಟೆಸ್ಟು, ಟ್ಯೂಷನ್ನು. ಶಾಲೆ ತಪ್ಪಿಸಿ ಕರೆದುಕೊಂಡು ಬಾ ಎಂದು ತಂಗಿಗೆ ಹೇಳುವಂತೆಯೂ ಇಲ್ಲ. ಅಲ್ಲಿ ಅನುಮತಿಯಿಲ್ಲದೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದರೆ ತಂದೆ ತಾಯಿಗೆ ದಂಡ ಹಾಕುತ್ತಾರೆ.

ಅಣ್ಣತಮ್ಮಂದಿರ, ಅಕ್ಕತಂಗಿಯರ ಮಕ್ಕಳೆಲ್ಲ ಒಂದೇ ಸೂರಿನಡಿ ಬೇಸಿಗೆ ಕಳೆಯುವುದು ನಮ್ಮ ಕಾಲಕ್ಕೆ ಮಾತಾಡಿ ಗೊತ್ತುಮಾಡಬೇಕಾದ ಸಂಗತಿಯೇ ಆಗಿರಲಿಲ್ಲ. ಪರೀಕ್ಷೆ ಮುಗಿದ ಮರುದಿನ ಅಜ್ಜಿ ಮನೆಯ ಬಸ್ಸು ಹತ್ತಿದರೆ ಮುಗಿಯಿತು. ಈಗ ಎರಡು ದೇಶಗಳ ಶಾಲಾ ಕ್ಯಾಲೆಂಡರ್‌ಗಳನ್ನು ಪಕ್ಕಪಕ್ಕ ಇಟ್ಟು ಹುಡುಕಬೇಕು. ಹಾಗೆ ಹುಡುಕಿದಾಗ ಸಿಕ್ಕಿದ್ದು ಒಂದು ಕಿಂಡಿ: ಮೇ ಕೊನೆಯಲ್ಲಿ ಅಲ್ಲಿನ ಮಕ್ಕಳಿಗೆ ಸಿಗುವ ಹಾಫ್ ಟರ್ಮ್ ರಜೆ, ಒಂದು ವಾರ. ಆ ವಾರ ಪ್ರವಾಸದ ಕೊನೆಗೆ ಬರುವಂತೆ ಟಿಕೆಟ್ ತೆಗೆಸಿದೆವು. ನಾನು, ನನ್ನವರು, ಇಬ್ಬರು ಮಕ್ಕಳು, ಜೊತೆಗೆ ನಮ್ಮಮ್ಮ. ಅಜ್ಜಿ ಮನೆಗೆ ಹೋಗುವ ರಜೆಯಲ್ಲಿ ಅಜ್ಜಿಯೇ ಸೂಟ್‌ಕೇಸು ಕಟ್ಟಿಕೊಂಡು ನಮ್ಮೊಡನೆ ಹೊರಟಂತಾಯಿತು.

ವಿಮಾನ ನಿಲ್ದಾಣ ಎಚ್‌ಎಎಲ್‌ನಲ್ಲಿದ್ದಾಗ ಯಲಹಂಕದವರಿಗೆ ಅದೇ ಒಂದು ಪ್ರಯಾಣ. 2008ರ ಮೇ ತಿಂಗಳಲ್ಲಿ ಅದು ದೇವನಹಳ್ಳಿ ಕಡೆಗೆ ಬಂದ ಮೇಲೆ ನಮಗೆ ಪಕ್ಕದೂರಾಯಿತು. ಕಷ್ಟವೆಲ್ಲ ಹೆಬ್ಬಾಳದಾಚೆ ಇರುವವರಿಗೆ. ಬೀಳ್ಕೊಡುತ್ತೇನೆಂದು ಯಶವಂತಪುರದಿಂದ ಹೊರಟ ನಮ್ಮ ಸೋದರಮಾವ ಹೆಬ್ಬಾಳ ಫ್ಲೈಓವರಿನ ಮೇಲೆ ಸಿಕ್ಕಿಕೊಂಡು ಫೋನಿನಲ್ಲೇ ಆಶೀರ್ವಾದ ಮಾಡಿದರು. ಹೀಥ್ರೋಗೆ ನೇರ ವಿಮಾನ. ಅಲ್ಲಿ ಇಳಿದಾಗ ಮೇ ತಿಂಗಳ ಬೇಸಿಗೆ ಎಂದು ನಂಬಿ ಹತ್ತಿ ಸೀರೆ ಉಟ್ಟಿದ್ದ ಅಮ್ಮನಿಗೆ ತಂಗಿ ಮೊದಲು ಕೊಟ್ಟಿದ್ದು ಸ್ವೆಟರು.

ತಂಗಿ, ಅವಳ ಗಂಡ ಇಬ್ಬರೂ ನಮಗಾಗಿ ಒಂದು ವಾರ ಕೆಲಸಕ್ಕೆ ರಜೆ ಹಾಕಿದ್ದರು. ಯಾವ ದಿನ ಎಲ್ಲಿ, ಎಷ್ಟು ಗಂಟೆಗೆ, ಊಟ ಎಲ್ಲಿ ಎಂದು ಪಟ್ಟಿ ಮಾಡಿ ಫ್ರಿಜ್ಜಿಗೆ ಅಂಟಿಸಿದ್ದರು. ಟವರ್ ಆಫ್ ಲಂಡನ್, ಲಂಡನ್ ಐ, ಬಕಿಂಗ್‌ಹ್ಯಾಮ್ ಅರಮನೆ, ಗ್ರೀನಿಚ್ ಎಲ್ಲವೂ ಆಯಿತು. ಎಲ್ಲವೂ ಚೆನ್ನಾಗಿಯೇ ಇತ್ತು. ಆದರೆ ರಾತ್ರಿ ಮನೆಗೆ ಬಂದಾಗ ಐವರು ದೊಡ್ಡವರಿಗೂ ಮಾತಾಡುವ ತ್ರಾಣ ಉಳಿದಿರುತ್ತಿರಲಿಲ್ಲ. ಐದು ವರ್ಷದ ಮೇಲೆ ಸಿಕ್ಕ ಅಕ್ಕತಂಗಿಯರು ಪಾರ್ಕಿಂಗ್ ಮತ್ತು ಕ್ಯೂ ಬಗ್ಗೆ ಬಿಟ್ಟರೆ ಬೇರೆ ಮಾತಾಡಲಿಲ್ಲ.

ಅವರ ರಜೆ ಮುಗಿದು ಸೋಮವಾರ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ನಮ್ಮ ರಜೆ ಶುರುವಾಯಿತು. ತಂಗಿ ಹೋಗುವಾಗ ಬೀಗದ ಕೈ, ತರಕಾರಿ ಚೀಟಿ ಎರಡನ್ನೂ ಕೊಟ್ಟು ಹೋದಳು. ಹ್ಯಾರೋದಿಂದ ಕೆಂಟನ್, ಕಿಂಗ್ಸ್‌ಬರಿ ದಾಟಿ ಗೋಲ್ಡರ್ಸ್ ಗ್ರೀನ್‌ಗೆ ಹೋಗುವ 183ನೇ ನಂಬರಿನ ಬಸ್ಸು ನಮ್ಮದಾಯಿತು. ಮೊದಲ ದಿನ ಬಸ್ಸು ನಿಲ್ದಾಣಕ್ಕೆ ಬಂದು ನಿಂತಾಗ, ಅಮ್ಮನ ಮೊಣಕಾಲು ನೋವನ್ನು ಕಂಡ ಡ್ರೈವರ್ ಗುಂಡಿ ಒತ್ತಿದ. ಬಸ್ಸು ಉಸ್ಸೆಂದು ಫುಟ್‌ಪಾತಿನ ಕಡೆಗೆ ವಾಲಿ ತಗ್ಗಿತು. ಅಮ್ಮ ಗಾಬರಿಯಾಗಿ ನನ್ನ ಕೈ ಹಿಡಿದೆಳೆದರು: “ಪಂಕ್ಚರ್ ಆಯ್ತು ಕಣೇ, ಹತ್ಬೇಡ.” ಮೆಟ್ಟಿಲು ತಗ್ಗಿದ್ದು ತನಗಾಗಿಯೇ ಎಂದು ಗೊತ್ತಾದ ಮೇಲೆ ಡ್ರೈವರಿಗೆ ಕೈಮುಗಿದೇ ಹತ್ತಿದರು. ಒಳಗೆ ಕೂತು ಕಂಡಕ್ಟರ್ ಎಲ್ಲಿ ಎಂದು ಹುಡುಕಿದರು. ಕಂಡಕ್ಟರೂ ಇಲ್ಲ, ಕಾಸೂ ತೆಗೆದುಕೊಳ್ಳುವುದಿಲ್ಲ; 2014ರಿಂದ ಅಲ್ಲಿನ ಬಸ್ಸುಗಳಲ್ಲಿ ಕಾರ್ಡು ಮುಟ್ಟಿಸುವುದಷ್ಟೇ. ಹನ್ನೊಂದು ತುಂಬದ ಮಕ್ಕಳಿಗೆ ಟಿಕೆಟ್ಟೇ ಇಲ್ಲ. 2023ರ ಜೂನ್‌ನಲ್ಲಿ ನಮ್ಮಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಆಧಾರ್ ತೋರಿಸಿ ಓಡಾಡುವ ಅಮ್ಮ ಲೆಕ್ಕ ಹಾಕಿದರು: “ಅಲ್ಲಿ ಹೆಂಗಸರಿಗೆ ಫ್ರೀ, ಇಲ್ಲಿ ಮಕ್ಕಳಿಗೆ ಫ್ರೀ. ದುಡ್ಡು ಕೊಡೋವ್ರು ಎರಡು ಕಡೆನೂ ಗಂಡಸರೇ ಅನ್ನು.” ನಾನು ಆಗಷ್ಟೇ ನನ್ನ ಕಾರ್ಡು ಮುಟ್ಟಿಸಿದ್ದನ್ನು ಅವರು ಗಮನಿಸಿರಲಿಲ್ಲ.

ಕಿಂಗ್ಸ್‌ಬರಿಯ ತರಕಾರಿ ಅಂಗಡಿಯಲ್ಲಿ ಅಮ್ಮನಿಗೆ ಒಬ್ಬ ಗುಜರಾತಿ ಅಜ್ಜಿಯ ಸ್ನೇಹವಾಯಿತು. ಇವರಿಗೆ ಗುಜರಾತಿ ಬಾರದು, ಅವರಿಗೆ ಕನ್ನಡ ತಿಳಿಯದು. ಹಾಗಲಕಾಯನ್ನು ಉಗುರಿನಿಂದ ಚಿವುಟಿ ನೋಡಿ ಒಬ್ಬರು ಬೇಡವೆಂದು ತಲೆಯಾಡಿಸಿದರೆ ಇನ್ನೊಬ್ಬರು ಒಪ್ಪಿ ಬುಟ್ಟಿಗೆ ವಾಪಸು ಹಾಕುತ್ತಿದ್ದರು. ಮಧ್ಯಾಹ್ನ ಅಮ್ಮನ ಕೈಯಡುಗೆ. ಕಸದ ತೊಟ್ಟಿಗಳನ್ನು ಗೊತ್ತಾದ ದಿನ ಬಾಗಿಲಿಗೆ ದೂಡಿ ಇಡುವ ಕೆಲಸ ನನ್ನ ಮಗನದು. ಯಾವ ಡಬ್ಬಿಗೆ ಯಾವ ಕಸ ಎನ್ನುವುದನ್ನು ಅವನು ಟವರ್ ಆಫ್ ಲಂಡನ್ನಿನ ಇತಿಹಾಸಕ್ಕಿಂತ ಚೆನ್ನಾಗಿ ಕಲಿತ. ಸಂಜೆ ತಂಗಿ ಬಂದಾಗ ಮನೆ ನೆಂಟರ ಮನೆಯಾಗಿ ಉಳಿದಿರಲಿಲ್ಲ.

ಊರು ನೋಡಲಿಲ್ಲವೇ? ಆಮೇಲೆಯೇ ಹೆಚ್ಚು ನೋಡಿದ್ದು. ಹ್ಯಾರೋದಿಂದ ಪೇಟೆಗೆ ಹೋಗುವ ಮೆಟ್ರೋಪಾಲಿಟನ್ ಲೈನು 1863ರಲ್ಲಿ ನೆಲದಡಿ ಓಡಿದ ಜಗತ್ತಿನ ಮೊದಲ ರೈಲುಮಾರ್ಗದ ವಂಶಸ್ಥ. ಬೆಂಗಳೂರಿಗೆ ಮೊದಲ ರೈಲು ಬಂದದ್ದು ಅದರ ಮರುವರ್ಷ, 1864ರಲ್ಲಿ. ಇದನ್ನು ಕೇಳಿದ ಮಗ, ಹಾಗಾದರೆ ಯಲಹಂಕದ ಮೆಟ್ರೋಗೆ ಯಾಕಿಷ್ಟು ತಡ ಎಂದ. ಕಂಬ ಎದ್ದಿರುವುದನ್ನು ದಿನವೂ ನೋಡುವ ಹುಡುಗನಿಗೆ ಏನು ಹೇಳುವುದು?

ಹಾಫ್ ಟರ್ಮ್ ವಾರದಲ್ಲಿ ನಾಲ್ಕೂ ಮಕ್ಕಳನ್ನು ಕರೆದುಕೊಂಡು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋದೆವು. ಪ್ರವೇಶ ಉಚಿತ. ಗಾಜಿನ ಪೆಟ್ಟಿಗೆಯೊಳಗೆ ಟಿಪ್ಪುವಿನ ಮರದ ಹುಲಿ, ಅದರ ಕೆಳಗೆ ಬಿದ್ದಿರುವ ಕೆಂಪು ಕೋಟಿನ ಬಿಳಿಯ. ಹಿಡಿ ತಿರುಗಿಸಿದರೆ ಅವನ ಕೈ ಮೇಲೇಳುತ್ತಿತ್ತು, ನರಳಾಟವೂ ಗರ್ಜನೆಯೂ ಕೇಳುತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಡಗೇರಿದ ಈ ಹುಲಿಯನ್ನು 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಜನಕ್ಕೆ ತೋರಿಸುತ್ತಿದ್ದರು. ಬಂದವರೆಲ್ಲ ಹಿಡಿ ತಿರುಗಿಸುತ್ತಿದ್ದರಿಂದ ಪಕ್ಕದಲ್ಲಿ ಓದಲು ಕೂತವರಿಗೆ ಗಲಾಟೆಯೋ ಗಲಾಟೆ. 1880ರಲ್ಲಿ ಅದು ಈಗಿನ ಮ್ಯೂಸಿಯಂಗೆ ಸೇರಿತು. ತಂಗಿಯ ಮಗಳು ಶಾಲೆಯಿಂದ ಮೊದಲೇ ಬಂದು ನೋಡಿದ್ದಳು. “ಇದು ನಮ್ಮ ಮ್ಯೂಸಿಯಂ ಹುಲಿ” ಎಂದಳು. ನನ್ನ ಮಗ ಬಿಡಲಿಲ್ಲ: “ಟಿಪ್ಪು ಹುಟ್ಟಿದ್ದು ದೇವನಹಳ್ಳಿ, ನಮ್ಮನೆ ಹತ್ರ. ಹುಲಿ ನಮ್ಮದು.” ಟಿಪ್ಪುವಿನ ಬಗ್ಗೆ ದೊಡ್ಡವರು ಮಾಡುವ ಜಗಳವೆಲ್ಲ ಬೇರೆ, ಮಕ್ಕಳ ವ್ಯಾಜ್ಯ ಆಸ್ತಿಯದು. ಇಬ್ಬರೂ ಐಸ್‌ಕ್ರೀಮಿನವರೆಗೆ ವಾದಿಸಿದರು.

ಇನ್ನೊಂದು ದಿನ ಲ್ಯಾಂಬೆತ್ ಸೇತುವೆಯ ಬಳಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನ ಬಸವೇಶ್ವರರ ಪ್ರತಿಮೆ. ಕಲಬುರಗಿ ಕಡೆಯಿಂದ ಹೋಗಿ ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲರ ಮುತುವರ್ಜಿಯಿಂದ ನಿಂತ ಪ್ರತಿಮೆ ಅದು. ಅನಾವರಣವಾದದ್ದು 2015ರ ನವೆಂಬರ್ 14ರಂದು. ಥೇಮ್ಸ್ ನದಿಯ ಆಚೆ ದಡದಲ್ಲಿ ಪಾರ್ಲಿಮೆಂಟು. ಅಮ್ಮ ಆ ಚಳಿಗಾಳಿಯಲ್ಲಿ ಕಾಲುಚೀಲ ಸಮೇತ ಬೂಟು ಬಿಚ್ಚಿ ಬರಿಗಾಲಲ್ಲಿ ನಿಂತು ಕೈಮುಗಿದರು. ಓಡುತ್ತಾ ಬಂದ ಒಬ್ಬ ಹುಡುಗ ಅಷ್ಟು ದೂರ ಹೋಗಿ ತಿರುಗಿ ನೋಡಿದ.

ಉಳಿದ ದಿನಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಅದೇ ಅವುಗಳ ಹೆಚ್ಚುಗಾರಿಕೆ. ರಾತ್ರಿ ಒಂಬತ್ತಾದರೂ ಬೆಳಕಿರುತ್ತಿದ್ದುದರಿಂದ ಮಲಗಿರೆಂದರೆ ಯಾರೂ ಕೇಳುತ್ತಿರಲಿಲ್ಲ. ಅಮ್ಮ ಸೀರೆಗಳ ಮಧ್ಯೆ ಇಟ್ಟು ತಂದಿದ್ದ ಕವಡೆಗಳನ್ನು ತೆಗೆದು ಚೌಕಾಬಾರದ ಮನೆ ಬರೆದರು. ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ತಂಗಿಯ ಮಕ್ಕಳು, ಕಾಯಿ ಕಡಿಸಿಕೊಂಡ ಸಿಟ್ಟಿಗೆ “ಅಜ್ಜೀ, ಇದು ಮೋಸ!” ಎಂದು ಕನ್ನಡದಲ್ಲೇ ಕೂಗಲು ಎರಡು ಸಂಜೆ ಸಾಕಾಯಿತು.

ಅಲ್ಲಿ ನೆಲೆಸಿರುವ ಕನ್ನಡಿಗರೇ, ನಿಮ್ಮಲ್ಲಿ ಅನೇಕರ ಮನೆಗೆ ಪ್ರತಿವರ್ಷ ಊರಿನಿಂದ ಯಾರಾದರೂ ಬರುತ್ತಾರೆ. ಅವರಿಗೆ ಎಲ್ಲವನ್ನೂ ತೋರಿಸಲು ಆಗಲಿಲ್ಲವೆಂದು ಕೊರಗಬೇಡಿ. ಊರು ತೋರಿಸಲು ಟೂರಿನವರಿದ್ದಾರೆ. ನಿಮ್ಮ ಬೀಗದ ಕೈ, ನಿಮ್ಮ ಬಸ್ಸಿನ ನಂಬರು, ಮಾಡಲೊಂದು ಕೆಲಸ ಕೊಡಿ. ನೀವು ಉಳಿಸಿದ ರಜೆಯನ್ನು ಮಕ್ಕಳಿಗೂ ರಜೆಯಿರುವ ವಾರಕ್ಕೆ ಇಟ್ಟುಕೊಳ್ಳಿ.

ನೀವು ಇಲ್ಲಿಗೆ ಬರುವಾಗಲೂ ಅಷ್ಟೇ. ಆಗಸ್ಟ್‌ನಲ್ಲಿ ಬಂದರೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವೇನೋ ಸಿಗುತ್ತದೆ. ಮಾವು ಮುಗಿದಿರುತ್ತದೆ, ಜಿಕೆವಿಕೆಯ ಕೃಷಿಮೇಳ ನವೆಂಬರಿಗೆ, ನಮ್ಮ ಮಕ್ಕಳೋ ಶಾಲೆಯಲ್ಲಿ. ಒಂದು ಸಲ ಕ್ರಿಸ್‌ಮಸ್ ರಜೆಗೆ ಬನ್ನಿ. ಯಲಹಂಕದ ಸಂತೆಯಲ್ಲಿ ಸೊಗಡಿನ ಅವರೆ ರಾಶಿ ಬಿದ್ದಿರುತ್ತದೆ. ಹಿತಕಿದ ಬೇಳೆ ಸಾರು ಮಾಡಬೇಕಾದರೆ ಕಾಳು ನೆನೆಹಾಕಿ ಒಂದೊಂದನ್ನೇ ಹಿತುಕಬೇಕು. ನಮ್ಮ ಇಬ್ಬರು ಮಕ್ಕಳ ಕೈಲಿ ಅದು ಮುಗಿಯುವುದಿಲ್ಲ. ನಿಮ್ಮವರನ್ನೂ ಕರೆತನ್ನಿ, ಬಂದ ದಿನವೇ ಕೆಲಸಕ್ಕೆ ಹಚ್ಚುತ್ತೇವೆ.