ಕಾಯುವ ಕಾಲದಲ್ಲಿ ಕೊಳ್ಳುವ ಆತುರ

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿಯನ್ನು ಕ್ರೈಸ್ತ ಬಂಧುಗಳು ‘ಆಗಮನ ಕಾಲ’ ಎನ್ನುತ್ತಾರೆ. ಆಗ ಪಾದ್ರಿಗಳ ಪೂಜಾವಸ್ತ್ರ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದು ಪಶ್ಚಾತ್ತಾಪದ ಬಣ್ಣ. ಹಿಂದೆ ಯುರೋಪಿನ ಹಲವೆಡೆ ಇದು ಉಪವಾಸದ ಕಾಲವೂ ಆಗಿತ್ತು. ಪೂರ್ವದ ಆರ್ಥಡಾಕ್ಸ್ ಸಭೆಗಳಲ್ಲಿ 40 ದಿನಗಳ ಉಪವಾಸ ಇಂದಿಗೂ ಉಳಿದಿದೆ. ವಾರಕ್ಕೊಂದರಂತೆ ಮೇಣದ ಬತ್ತಿ ಹಚ್ಚುವ ಪದ್ಧತಿಯ ಮೂಲವನ್ನು 1839ರ ಹ್ಯಾಂಬರ್ಗಿಗೆ ಒಯ್ಯುತ್ತಾರೆ. ಅಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ವಿಖರ್ನ್ ಎಂಬವರು ಹಬ್ಬಕ್ಕೆ ಆತುರಪಡುವ ಮಕ್ಕಳಿಗಾಗಿ ಗಾಡಿಚಕ್ರವೊಂದರ ಮೇಲೆ ಬತ್ತಿಗಳನ್ನು ಜೋಡಿಸಿದರಂತೆ. ಏನೂ ಇಲ್ಲದ ಮಕ್ಕಳಿಗೆ ಕಾಯುವುದನ್ನೇ ಸಂತೋಷವಾಗಿಸಿದ ಉಪಾಯವದು.

ಮಾರುಕಟ್ಟೆಗೆ ಮಾತ್ರ ಕಾಯುವವರನ್ನು ಕಂಡರಾಗದು. 1939ರಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್, ವ್ಯಾಪಾರಿಗಳ ಒತ್ತಾಯಕ್ಕೆ ಮಣಿದು, ನವೆಂಬರ್ 30ಕ್ಕೆ ಬರಬೇಕಿದ್ದ ‘ಕೃತಜ್ಞತಾ ದಿನ’ವನ್ನು ಒಂದು ವಾರ ಹಿಂದಕ್ಕೆ ತಂದರು. ಉದ್ದೇಶ ಇಷ್ಟೆ: ಕ್ರಿಸ್‌ಮಸ್ ಖರೀದಿಗೆ ಏಳು ದಿನ ಹೆಚ್ಚು ಸಿಗಬೇಕು. ದೇವರಿಗಾಗಿ ಕಾಯುವ ದಿನಗಳು ಹೀಗೆ ಗಿರಾಕಿಗಾಗಿ ಕಾಯುವ ದಿನಗಳಾದವು.

ಇದನ್ನು ಓದಿ ನಾವು ನಗಬೇಕಾಗಿಲ್ಲ. ಹೊಟ್ಟೆಯನ್ನು ಹಿಡಿತದಲ್ಲಿಡಲು ಬಂದ ರಮಝಾನ್‌ನಲ್ಲಿ ನಮ್ಮ ಬೀದಿಗಳು ಹೇಗಿರುತ್ತವೆಂಬುದು ನಮಗೆ ಗೊತ್ತು. ಕೊನೆಯ ಹತ್ತು ರಾತ್ರಿಗಳು ಮಸೀದಿಗಿಂತ ಹೆಚ್ಚಾಗಿ ಬಟ್ಟೆ ಅಂಗಡಿಗಳಲ್ಲಿ ಕಳೆಯುತ್ತವೆ.

ಹಾಗಾದರೆ ಖರ್ಚು ಮಾಡುವುದೇ ಪಾಪವೇ? ಖಂಡಿತ ಅಲ್ಲ. ದರ್ಜಿ, ಬೇಕರಿಯವನು, ಬಳೆ ಮಾರುವವಳು, ಇವರೆಲ್ಲ ವರ್ಷದ ಅನ್ನವನ್ನು ಹಬ್ಬಗಳಲ್ಲೇ ಸಂಪಾದಿಸುತ್ತಾರೆ. ಕೈ ಬಿಗಿಹಿಡಿದವನು ಸಂತನಾಗುವುದಿಲ್ಲ, ಜಿಪುಣನಾಗುತ್ತಾನೆ. ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ‘ಕುಸ್ವಾರ್’ ತಯಾರಾಗುತ್ತದೆ: ಕಿಡಿಯೊ, ನೆವ್ರಿ, ಗುಳಿಯೊ. ಅದಕ್ಕೂ ಹಣ ಬೇಕು. ಆದರೆ ಆ ತಿಂಡಿಯ ತಟ್ಟೆ ಜಾತಿ ಧರ್ಮ ನೋಡದೆ ನೆರೆಮನೆಯ ಬಾಗಿಲು ತಟ್ಟುತ್ತದೆ. ಹಣ ಅಲ್ಲಿ ಸಂಬಂಧವಾಗಿ ಮಾರ್ಪಡುತ್ತದೆ.

ಕಷ್ಟದ ಪ್ರಶ್ನೆ ಬೇರೆಯೇ ಇದೆ. ನನ್ನ ದುಡ್ಡು, ನನ್ನ ಖರ್ಚು, ಉಳಿದವರಿಗೇನು ಎನ್ನುತ್ತೇವೆ. ಆದರೆ ನಾನು ಮಾಡುವ ಆಡಂಬರ ನನ್ನ ಮನೆಯೊಳಗೇ ಉಳಿಯುವುದಿಲ್ಲ. ಅದು ಬೀದಿಗೊಂದು ಅಳತೆಗೋಲಾಗುತ್ತದೆ. ದಿನಗೂಲಿಯ ತಂದೆಯೊಬ್ಬ ಮಗಳ ಮುಖ ಬಾಡದಿರಲೆಂದು ಬಡ್ಡಿಗೆ ಸಾಲ ತಂದು ಆ ಅಳತೆಯನ್ನು ಮುಟ್ಟುತ್ತಾನೆ. ಸರಳತೆಯ ಉಪದೇಶವನ್ನು ಅವನಿಗೆ ಮಾಡುವುದು ಕ್ರೌರ್ಯ. ಅದು ಸಲ್ಲಬೇಕಾದದ್ದು ಅಳತೆಗೋಲು ನೆಟ್ಟವರಿಗೆ.

ಆಗಮನ ಕಾಲದಲ್ಲಿ ಚರ್ಚುಗಳು ಸ್ನಾನಿಕ ಯೋಹಾನರನ್ನು ನೆನೆಯುತ್ತವೆ. ಕುರ್‌ಆನ್ ಅವರನ್ನು ಪ್ರವಾದಿ ಯಹ್ಯಾ(ಅ) ಎಂದು ಗೌರವಿಸುತ್ತದೆ. ನಾವೇನು ಮಾಡಬೇಕೆಂದು ಜನ ಕೇಳಿದಾಗ ಅವರು ಪೂಜಾವಿಧಿಯನ್ನು ಹೇಳಲಿಲ್ಲವೆಂದು ಲೂಕನ ಸುವಾರ್ತೆ ತಿಳಿಸುತ್ತದೆ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದನ್ನು ಕೊಡಲಿ ಎಂದರು. ತೆರಿಗೆಯವನಿಗೆ ನ್ಯಾಯಕ್ಕಿಂತ ಹೆಚ್ಚು ವಸೂಲಿ ಮಾಡಬೇಡ ಎಂದರು. ಭಕ್ತಿಯ ಪ್ರಶ್ನೆಗೆ ಉತ್ತರ ಬಟ್ಟೆ ಮತ್ತು ದುಡ್ಡಿನ ಭಾಷೆಯಲ್ಲಿ ಬಂತು. ಈದ್ ನಮಾಝಿಗೆ ಮೊದಲೇ ಫಿತ್ರ್ ಝಕಾತ್ ಬಡವನ ಮನೆ ಸೇರಬೇಕೆಂಬ ನಿಯಮದ ಹಿಂದಿರುವುದೂ ಇದೇ ವಿವೇಕ: ಅವನ ಒಲೆ ಉರಿಯದೆ ನಿನ್ನ ಹಬ್ಬ ಆರಂಭವಾಗದು.

ಆಸೆ ಹುಟ್ಟಿದ ಗಳಿಗೆಗೂ ಹಣ ತೆರುವ ಗಳಿಗೆಗೂ ನಡುವೆ ತುಸು ಕಾಯುವುದನ್ನು ಕಲಿತರೆ ಸಾಕು, ಅದೂ ಒಂದು ಉಪವಾಸ. ಆ ಬಿಡುವಿನಲ್ಲಿ ಮೂರು ಮಾತು ಕೇಳಿಕೊಳ್ಳಬಹುದು. ಇದು ನನಗೆ ಬೇಕೆ, ಅಥವಾ ಪಕ್ಕದವರು ನೋಡಬೇಕೆ? ಇದನ್ನು ಮಾಡಿದ ಕೈಗೆ ತಕ್ಕ ಕೂಲಿ ಸಿಕ್ಕಿದೆಯೆ? ಇದರಲ್ಲಿ ಇನ್ನೊಬ್ಬರ ಎರಡನೆಯ ಅಂಗಿ ಅಡಗಿದೆಯೆ? ಉತ್ತರ ಸಿಕ್ಕ ಮೇಲೂ ಕೊಳ್ಳಬೇಕೆನಿಸಿದರೆ ಸಂತೋಷದಿಂದ ಕೊಳ್ಳೋಣ, ಅಂಗಡಿಯವನೊಡನೆ ಚೌಕಾಸಿ ಮಾಡದೆ.