ಗಂಡಭೇರುಂಡದ ಒಂದೇ ಹೊಟ್ಟೆ

ಅರಸರು ತಮ್ಮ ಧ್ವಜ ಮುದ್ರೆಗಳಲ್ಲಿ ಪಕ್ಷಿಯನ್ನು ಧರಿಸುವುದು ಪುರಾತನವಾದ ಪದ್ಧತಿ. ರಾಷ್ಟ್ರಕೂಟರದು ಗರುಡಲಾಂಛನ, ರಷ್ಯಾದ ಚಕ್ರವರ್ತಿಗಳದು ಎರಡು ತಲೆಯ ಹದ್ದು. ನಮ್ಮ ರಾಜ್ಯಕ್ಕಾದರೋ ಗಂಡಭೇರುಂಡವು ದೊರೆತಿದೆ. ಯಾವ ಕಾಡಿನಲ್ಲಿಯೂ ಕಾಣಸಿಗದ ಈ ಪಕ್ಷಿಯು ನಮಗೆ ಬೋಧಿಸುವುದೇನೆಂಬುದನ್ನು ವಿಚಾರಿಸುವುದು ಅನುಚಿತವಾಗಲಾರದು.

ಘಟ್ಟದ ಮೇಲಣ ಬಳ್ಳಿಗಾವೆಯಲ್ಲಿ ಚಾವುಂಡರಾಯರಸನು 1047ರಲ್ಲಿ ನಿಲ್ಲಿಸಿದ ಕಂಬದ ತುದಿಯಲ್ಲಿ ಮನುಷ್ಯದೇಹಕ್ಕೆ ಎರಡು ಪಕ್ಷಿಮುಖಗಳಿವೆ. ವಿಜಯನಗರದ ಅಚ್ಯುತರಾಯನ (1529–1542) ಚಿನ್ನದ ನಾಣ್ಯದಲ್ಲಿ ಅದೇ ಪಕ್ಷಿಯು ಕೊಕ್ಕುಗಳಲ್ಲಿಯೂ ಉಗುರುಗಳಲ್ಲಿಯೂ ಆನೆಗಳನ್ನು ಹಿಡಿದಿದೆ. ನಮ್ಮ ಬಾರಕೂರು ಆ ಸಾಮ್ರಾಜ್ಯದ ಒಂದು ಪ್ರಾಂತದ ರಾಜಧಾನಿಯಾಗಿತ್ತು. ಬಳಿಕ ಮೈಸೂರಿನ ಒಡೆಯರು ಅದನ್ನು ಧರಿಸಿದರು. 1956ರ ನವೆಂಬರ್ 1ರಂದು ನಮ್ಮ ಸೀಮೆಯು ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದಾಗ ಅದು ನಮ್ಮದೂ ಆಯಿತು.

ಆನೆಯನ್ನೆತ್ತುವ ಈ ಪಕ್ಷಿಯು ಬಲದ ಚಿಹ್ನೆಯೆಂಬುದು ಸರ್ವವಿದಿತ. ಆದರೆ ಇದರ ಸೋದರನಂತಿರುವ ಭಾರುಂಡಪಕ್ಷಿಯ ಕಥೆಯು ಪಂಚತಂತ್ರದಲ್ಲಿದೆ. ಅದಕ್ಕೂ ತಲೆ ಎರಡು, ಹೊಟ್ಟೆ ಒಂದು. ಒಂದು ತಲೆಗೆ ಅಮೃತಸಮಾನವಾದ ಹಣ್ಣು ಸಿಕ್ಕಿತು. ಇನ್ನೊಂದು ತನಗೂ ರುಚಿ ತೋರಿಸೆಂದು ಬೇಡಿತು. ‘ಹೊಟ್ಟೆ ಒಂದೇ ತಾನೆ, ಯಾರು ತಿಂದರೇನು’ ಎಂದು ಮೊದಲನೆಯದು ಕೊಡದೆ ಹೋಯಿತು. ಅಪಮಾನವನ್ನು ಮರೆಯದ ಎರಡನೆಯದು ಒಂದು ದಿನ ವಿಷಫಲವನ್ನು ತಿಂದಿತು, ಎರಡೂ ಸತ್ತವು.

ವಿಷವನ್ನುಂಡ ತಲೆಯನ್ನೇ ನಾವು ಸಾಮಾನ್ಯವಾಗಿ ನಿಂದಿಸುತ್ತೇವೆ. ಅದರ ದೋಷವು ಸಣ್ಣದಲ್ಲ. ಆದರೆ ಮೊದಲನೆಯದರ ಮಾತನ್ನು ಪರಾಂಬರಿಸಬೇಕು. ಹೊಟ್ಟೆ ಒಂದೇ ಎಂಬುದು ಸತ್ಯ. ಆ ಸತ್ಯವನ್ನು ಉಂಡವನು ಉಣ್ಣದವನ ಬಾಯಿ ಮುಚ್ಚಿಸಲು ಬಳಸಿದನು, ಅದೇ ಅಧರ್ಮ. ಹೊಟ್ಟೆ ತುಂಬಿದರೂ ನಾಲಗೆಯ ರುಚಿಯೂ ಕೇಳಿದವನ ಮಾನವೂ ಹಂಚದೆ ಬರುವುವಲ್ಲ.

ಇದು ರಾಜ್ಯಕ್ಕೆ ಮಾತ್ರ ಸಂದ ನೀತಿಯಲ್ಲ. ಕೂಡಿದ ಮನೆಯಲ್ಲಿ ಯಜಮಾನನು ‘ಎಲ್ಲವೂ ಎಲ್ಲರದು’ ಎನ್ನುವನು. ಬೀಗದ ಕೈ ಮಾತ್ರ ಅವನ ಸೊಂಟದಲ್ಲಿರುವುದು. ತಮ್ಮನು ಪಾಲು ಕೇಳಿದ ದಿನ ಲೋಕವು ಮನೆಮುರುಕನೆಂದು ತಮ್ಮನನ್ನೇ ಹಳಿಯುತ್ತದೆ. ಒಗ್ಗಟ್ಟನ್ನು ಬೋಧಿಸುವ ಅಧಿಕಾರವು ಹಣ್ಣನ್ನು ಮೊದಲು ಹಂಚಿದವನಿಗೇ ಸಲ್ಲತಕ್ಕದ್ದು.

ಲಾಂಛನದಲ್ಲಿ ಎರಡು ತಲೆಗಳೂ ಹೊರಮುಖವಾಗಿವೆ. ಹೊರಗಿನ ಆನೆಯು ಅವುಗಳಿಗೆ ಕಾಣುವುದು. ಪಕ್ಕದ ತಲೆಯ ಹಸಿವು ಕಾಣಬೇಕಾದರೆ ಕೊರಳನ್ನು ತಿರುಗಿಸಲೇಬೇಕು.