ಅನುಪಲಬ್ಧಿಯೂ ವೈದ್ಯನ ಹೊಣೆಯೂ

ನೆಲದ ಮೇಲೆ ಗಡಿಗೆಯು ಕಾಣದಿದ್ದರೆ ಅಲ್ಲಿ ಗಡಿಗೆಯಿಲ್ಲವೆಂದು ಲೋಕವು ನಿಶ್ಚಯಿಸುತ್ತದೆ. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಈ ಕಾಣದಿರುವಿಕೆಯನ್ನು ಅನುಪಲಬ್ಧಿಯೆಂಬ ಪ್ರತ್ಯೇಕ ಪ್ರಮಾಣವಾಗಿ ಎಣಿಸಿದರು. ಆದರೆ ಅದಕ್ಕೊಂದು ಕಟ್ಟಳೆಯನ್ನೂ ವಿಧಿಸಿದರು: ವಸ್ತುವು ಇದ್ದಿದ್ದರೆ ಕಂಡೇ ಕಾಣುತ್ತಿದ್ದಿತೆಂಬ ಯೋಗ್ಯತೆ ಇರತಕ್ಕದ್ದು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣದಿದ್ದುದು ಏನನ್ನೂ ಸಾಧಿಸದು. ಪಾಠಶಾಲೆಯ ಬಾಲಕರು ಉರುಹೊಡೆಯುವ ಈ ಮಾತು ವೈದ್ಯಶಾಸ್ತ್ರದಲ್ಲಿ ಪ್ರಾಣಸಂಬಂಧವಾದ ಪ್ರಶ್ನೆಯಾಗಿ ನಿಂತಿದೆ.

2001ನೆಯ ಇಸವಿಯಲ್ಲಿ ಅಮೇರಿಕೆಯ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಉಬ್ಬಸರೋಗದ ಮರ್ಮವನ್ನರಿಯಲು ಒಂದು ಪ್ರಯೋಗವು ನಡೆಯಿತು. ಹೆಕ್ಸಮೆಥೋನಿಯಮ್ ಎಂಬ ದ್ರವ್ಯವನ್ನು ಉಸಿರಿನೊಡನೆ ಸೇವಿಸಿದ, ಯಾವ ರೋಗವೂ ಇಲ್ಲದಿದ್ದ ತರುಣಿಯೊಬ್ಬಳು ಶ್ವಾಸಕೋಶಗಳು ಕೆಟ್ಟು ಒಂದು ತಿಂಗಳೊಳಗಾಗಿ ಮೃತಳಾದಳು. ಪೂರ್ವಗ್ರಂಥಗಳನ್ನು ಶೋಧಿಸದೆ ಪ್ರಯೋಗಕ್ಕೆ ತೊಡಗಿದರೆಂದು ಹೇಳುವಂತಿಲ್ಲ. ಪಬ್‌ಮೆಡ್ ಎಂಬ ಗಣಕಯಂತ್ರದ ಸೂಚೀಕೋಶವನ್ನು ನೋಡಿಯೇ ಇದ್ದರು. ಆದರೆ ಆ ಕೋಶದ ಶೋಧವು ಆಗ 1966ರಿಂದ ಹಿಂದಕ್ಕೆ ಹೋಗುತ್ತಿರಲಿಲ್ಲ. ರಕ್ತದೊತ್ತಡಕ್ಕೆ ಆ ದ್ರವ್ಯವನ್ನೇ ಕೊಡುತ್ತಿದ್ದ ಕಾಲದಲ್ಲಿ ಶ್ವಾಸಕೋಶಗಳಿಗೆ ಕೇಡುಂಟಾದ ವರದಿಗಳು 1950ರ ದಶಕದಲ್ಲಿಯೇ ಅಚ್ಚಾಗಿ ಗ್ರಂಥಾಲಯಗಳಲ್ಲಿ ಇದ್ದವು. ಕೋಶವು ತನ್ನ ಎಲ್ಲೆಯನ್ನು ಮುಚ್ಚಿಟ್ಟಿರಲಿಲ್ಲ. ಆದುದರಿಂದ ದೋಷವು ಯಂತ್ರದ್ದೆಂಬ ವಾದವು ನಿಲ್ಲಲಾರದು. ದೀಪವನ್ನು ಹಿಡಿದವನು ಅದರ ಬೆಳಕು ಎಷ್ಟು ದೂರ ಬೀಳುವುದೆಂದು ತಿಳಿದಿರಬೇಕಷ್ಟೆ.

ಬೆಳಕು ಬಿದ್ದೆಡೆಯಲ್ಲಿಯೂ ಎಲ್ಲವೂ ಕಾಣುವುದೆಂದಿಲ್ಲ. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿ ಔಷಧದ ಗುಣವನ್ನು ಪರೀಕ್ಷಿಸಿದ ಲೇಖನಗಳಿಗೆ ಪ್ರತ್ಯೇಕ ಗುರುತನ್ನು ಮೆಡ್‌ಲೈನ್ ಕೋಶವು ಹಾಕತೊಡಗಿದುದು 1991ರಲ್ಲಿ. ಇಂಥ ಪರೀಕ್ಷೆಗಳಲ್ಲಿ ಮೊದಲೇ ತಿಳಿದಿದ್ದವುಗಳನ್ನು ಮುಂದಿಟ್ಟು ನೋಡಿದಾಗ, ಆ ಕೋಶದ ಶೋಧದಿಂದ ದೊರೆತವು ಸರಾಸರಿ ಅರ್ಧದಷ್ಟೇ ಎಂದು 1994ರಲ್ಲಿ ಪ್ರಕಟವಾಯಿತು. 1993ರಲ್ಲಿ ಸ್ಥಾಪಿತವಾದ ಕಾಕ್ರೇನ್ ಬಳಗದವರು ಹಳೆಯ ಪತ್ರಿಕೆಗಳ ಹಾಳೆಗಳನ್ನು ಒಂದೊಂದಾಗಿ ಕೈಯಿಂದಲೇ ತಿರುವಿಹಾಕಿದುದು ಇದಕ್ಕಾಗಿಯೇ. ಯಂತ್ರಯುಗದಲ್ಲಿ ಇದು ವಿಚಿತ್ರವೆನಿಸಬಹುದು. ಆದರೂ ಶ್ಲಾಘ್ಯವಾದ ತಾಳ್ಮೆ. ಅಚ್ಚೇ ಆಗದ ಪರೀಕ್ಷೆಗಳ ಮಾತು ಬೇರೆ. ಅವುಗಳ ಸುಳಿವಾದರೂ ಉಳಿಯಲೆಂದು, ಆರಂಭಕ್ಕೆ ಮೊದಲೇ ದಾಖಲಿಸುವ ನಿಯಮವು ಹುಟ್ಟಿತು. ಭಾರತದಲ್ಲಿ ಇದಕ್ಕೆ 2007ರಲ್ಲಿ ನೋಂದಣಿಯು ತೆರೆಯಿತು, 2009ರಿಂದ ಅದು ಕಡ್ಡಾಯವಾಯಿತು.

ಹಾಗಾದರೆ ಈ ಶೋಧದ ಭಾರವು ಯಾರ ಹೆಗಲಿಗೆ? ತಾಲ್ಲೂಕು ಆಸ್ಪತ್ರೆಯ ಬಾಗಿಲಲ್ಲಿ ನಲವತ್ತು ರೋಗಿಗಳನ್ನು ನಿಲ್ಲಿಸಿಕೊಂಡ ವೈದ್ಯನು ಪ್ರತಿಯೊಂದು ಔಷಧಕ್ಕೂ ಐವತ್ತು ವರ್ಷಗಳ ಪತ್ರಿಕೆಗಳನ್ನು ಕೆದಕಲೆನ್ನುವುದು ಅನ್ಯಾಯ. ಅವನು ಪರರ ಸಂಗ್ರಹವನ್ನು ನಂಬಿಯೇ ನಡೆಯತಕ್ಕವನು. ಸಂಗ್ರಹಕಾರನಾದರೋ ಯಾವ ಕೋಶದಲ್ಲಿ, ಯಾವ ಪದಗಳಿಂದ, ಯಾವ ದಿನದವರೆಗೆ ಹುಡುಕಿದನೆಂಬುದನ್ನು ಬರೆದಿಡಬೇಕು. ಆರೋಗ್ಯವಂತನ ದೇಹಕ್ಕೆ ಹೊಸದಾಗಿ ಔಷಧವನ್ನು ಹೊಗಿಸಹೊರಟವನ ಹೊಣೆಯು ಇವರಿಬ್ಬರದಕ್ಕಿಂತಲೂ ಗುರುತರವಾದುದು. ಅವನಿಗೆ ಅವಸರವೆಂಬ ನೆವವೂ ಇಲ್ಲ, ಎದುರಿಗೆ ನರಳುವ ರೋಗಿಯೂ ಇಲ್ಲ.